ಕಾರ್ಯಪಡೆ ಮುಗಿದ ಮೇಲೆ ಉಳಿದದ್ದು: ನಂದನ್ ನಿಲೇಕಣಿ ಮತ್ತು ಬೆಂಗಳೂರಿನ ಪೌರಾಡಳಿತ

ನಂದನ್ ನಿಲೇಕಣಿಯವರ ವೃತ್ತಿಜೀವನದ ಘಟ್ಟಗಳ ಬಗ್ಗೆ ಯಾರದೂ ತಕರಾರಿಲ್ಲ. ಅವರು 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಜನರಲ್ಲೊಬ್ಬರು, 2002ರಿಂದ 2007ರವರೆಗೆ ಅದರ ಸಿಇಒ, 2009ರಿಂದ 2014ರವರೆಗೆ ಆಧಾರ್ ಪ್ರಾಧಿಕಾರದ ಅಧ್ಯಕ್ಷರು. 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಅನಂತಕುಮಾರ್ ಎದುರು ಸೋತ ಮೇಲೆ ನವೋದ್ಯಮಗಳಿಗೆ ಬಂಡವಾಳ ಹೂಡತೊಡಗಿದರು. 2017ರಲ್ಲಿ ಸಂಜೀವ್ ಅಗರ್‌ವಾಲ್ ಜೊತೆ ಫಂಡಮೆಂಟಮ್ ನಿಧಿ ಸ್ಥಾಪಿಸಿದರು.

ತಕರಾರಿರುವುದು 1999ರ ಬಗ್ಗೆ.

ಆ ವರ್ಷ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಕಾರ್ಯಪಡೆ ರಚಿಸಿತು. ಪಾಲಿಕೆ, ಬಿಡಿಎ, ಜಲಮಂಡಳಿ ಮೊದಲಾದ ಸಂಸ್ಥೆಗಳು ಸಾರ್ವಜನಿಕ ಸಭೆಗಳಲ್ಲಿ ತಮ್ಮ ಕೆಲಸದ ವರದಿ ಒಪ್ಪಿಸತೊಡಗಿದವು. ಜಾನಕಿ ನಾಯರ್, ಸೊಲೊಮನ್ ಬೆಂಜಮಿನ್ ಅವರಂಥ ವಿದ್ವಾಂಸರು ಇದನ್ನು ವಿಮರ್ಶೆಯ ಕಣ್ಣಿನಿಂದ ನೋಡಿದ್ದಾರೆ. ಸಂವಿಧಾನದ 74ನೇ ತಿದ್ದುಪಡಿ ಅಧಿಕಾರವನ್ನು ಚುನಾಯಿತ ಪಾಲಿಕೆಗೆ ಕೊಡಹೊರಟಾಗ, ಯಾರೂ ಆರಿಸದ ಉದ್ಯಮಿಗಳು ಊರಿನ ಕಾರ್ಯಸೂಚಿ ಬರೆದರೆಂಬುದು ಈ ವಿಮರ್ಶೆಯ ತಿರುಳು. ಸಭೆಗಳ ಮಟ್ಟಿಗೆ ಈ ಮಾತು ಸರಿ.

ಆದರೆ ಕಾರ್ಯಪಡೆಯ ಕೆಲಸವನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಲಾಗದು. ಆಸ್ತಿ ತೆರಿಗೆಯನ್ನೇ ನೋಡಿ: 2000ಕ್ಕೆ ಮುಂಚೆ ತೆರಿಗೆಗಾಗಿ ಮನೆಯ ಬಾಡಿಗೆ ಮೌಲ್ಯವನ್ನು ಕಂದಾಯ ಸಿಬ್ಬಂದಿ ಗೊತ್ತುಮಾಡುತ್ತಿದ್ದರು. ಚೌಕಾಸಿಗೆ ಅಲ್ಲಿ ಬೇಕಾದಷ್ಟು ಜಾಗವಿತ್ತು. ಕಾರ್ಯಪಡೆಯ ಬೆಂಬಲದಿಂದ ಸ್ವಯಂ ಘೋಷಣಾ ಪದ್ಧತಿ ಬಂದ ಮೇಲೆ ವಲಯ, ವಿಸ್ತೀರ್ಣ, ಕಟ್ಟಡದ ಬಗೆ ನೋಡಿ ಮಾಲೀಕರೇ ಲೆಕ್ಕ ಹಾಕಿ ಕಟ್ಟುವಂತಾಯಿತು. ಪಾಲಿಕೆಯ ಜಮಾ-ಖರ್ಚು ಕೂಡ ಇದೇ ಕಾಲದಲ್ಲಿ ನಿಧಿ ಆಧಾರಿತ ಲೆಕ್ಕಪದ್ಧತಿಗೆ ಹೊರಳಿತು. 2004ರ ಚುನಾವಣೆಯ ನಂತರ ಕಾರ್ಯಪಡೆ ನಿಂತಿತು, ಸಭೆಗಳೂ ನಿಂತವು. ಸ್ವಯಂ ಘೋಷಣೆ ಮಾತ್ರ ನಿಲ್ಲಲಿಲ್ಲ. 2008ರಲ್ಲಿ ತೆರಿಗೆಯ ಸೂತ್ರ ಬದಲಾದಾಗಲೂ ಲೆಕ್ಕ ಹಾಕುವ ಹೊಣೆ ಮಾಲೀಕರದೇ ಆಗಿತ್ತು. ಮುಖ್ಯಮಂತ್ರಿಯ ಕೃಪೆಯಲ್ಲಿದ್ದದ್ದು ಅಳಿಯಿತು, ಪಾಲಿಕೆಯ ಕಡತಕ್ಕಿಳಿದದ್ದು ಉಳಿಯಿತು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಮಿತಿಗಳಿವೆ. ವಿಸ್ತೀರ್ಣ ಆಧಾರಿತ ತೆರಿಗೆ ಬೆಂಗಳೂರಿನ ಆವಿಷ್ಕಾರವಲ್ಲ; ಪಾಟ್ನಾ ಅದನ್ನು 1993ರಲ್ಲೇ ತಂದಿತ್ತು. ಸುಧಾರಣೆಯ ಶ್ರೇಯಸ್ಸಿನಲ್ಲಿ ಪಾಲಿಕೆಯ ಅಧಿಕಾರಿಗಳಿಗೂ ಪಾಲಿದೆ. ಬಾಳಿಕೆ ಬಂದದ್ದೆಲ್ಲ ಪ್ರಜಾಸತ್ತಾತ್ಮಕವೆಂದೂ ಅಲ್ಲ: 2006ರ ಕೊನೆಯಿಂದ 2010ರವರೆಗೆ ನಗರದಲ್ಲಿ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ, 2008ರ ಬದಲಾವಣೆ ಬಂದದ್ದು ಆ ಖಾಲಿ ಅವಧಿಯಲ್ಲೇ. ವಿಮರ್ಶಕರ ಆತಂಕಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಸಿಗಲಾರದು.

ಕಾರ್ಯಪಡೆಯಂತೆ ಆಧಾರ್ ಪ್ರಾಧಿಕಾರವೂ 2009ರಲ್ಲಿ ಸರ್ಕಾರಿ ಅಧಿಸೂಚನೆಯಿಂದ ಹುಟ್ಟಿತು. ಅದರ ಕಾಯ್ದೆ ಬಂದದ್ದು 2016ರಲ್ಲಿ. ಮೊದಲು ಆದೇಶ, ಆಮೇಲೆ ಶಾಸನ ಎಂಬ ಈ ಕ್ರಮದಲ್ಲಿ ಕಾರ್ಯಪಡೆಯ ಅನುಭವದ ನೆರಳು ಕಾಣುತ್ತದೆ. ಆದರೆ ಎರಡೇ ನಿದರ್ಶನಗಳಿಂದ ಅದನ್ನು ಒಬ್ಬ ವ್ಯಕ್ತಿಯ ಕಾರ್ಯವಿಧಾನವೆಂದು ಕರೆಯುವುದು ಆತುರವಾದೀತು. 1999ರಿಂದ 2004ರವರೆಗಿನ ಕೌನ್ಸಿಲ್ ನಡಾವಳಿಗಳಲ್ಲಿ ಕಾರ್ಪೊರೇಟರುಗಳು ಈ ಸುಧಾರಣೆಗಳ ಬಗ್ಗೆ ಏನೆಂದರು, ಸಾರ್ವಜನಿಕ ತಂತ್ರಜ್ಞಾನ ಕಟ್ಟಿದವರು ತಂತ್ರಜ್ಞಾನ ಕಂಪನಿಗಳ ಹೂಡಿಕೆದಾರರಾದಾಗ ಎರಡು ಪಾತ್ರಗಳ ಗಡಿ ಎಲ್ಲಿರಬೇಕು ಎಂಬ ಎರಡು ಪ್ರಶ್ನೆಗಳು ಇಲ್ಲಿ ಬಾಕಿ ಉಳಿದಿವೆ.