ಸೀತಾಫಲ ಬರುವ ಮುಂಚೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆಹಚ್ಚಿದ್ದು 1892ರಲ್ಲಿ. ಹಣ್ಣಿನ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೆನೆಂದು ಅದೇ ದೊರೆ ಗುಜರಾತಿನ ಗಿರ್ನಾರಿನ ಬಂಡೆಯಲ್ಲಿ ಬರೆಸಿದ್ದಾನೆ. ಅವನ ಕಾಲದಲ್ಲಿ ಇಲ್ಲಿ ಸೀತಾಫಲವಿರಲಿಲ್ಲ. ನೇರಳೆ, ಬೋರೆ, ಬೇಲ ಈ ನೆಲದವೇ. ಸೀತಾಫಲ, ಸೀಬೆ, ಪರಂಗಿ, ಗೋಡಂಬಿಗಳ ತವರು ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲೆ ಇಲ್ಲಿ ಹಬ್ಬಿದವು. ಹುಣಸೆಯ ಮೂಲ ಆಫ್ರಿಕ.

ಆದರೂ ನನ್ನ ಹಿತ್ತಲಲ್ಲಿ ಮೊದಲು ಹಾಕಿದ್ದು ಸೀತಾಫಲವನ್ನೇ. ಕಲ್ಲುನೆಲಕ್ಕೂ ಕಡಿಮೆ ಮಳೆಗೂ ಅದು ಜಗ್ಗದು; ಎಲೆಯನ್ನು ಕುರಿ, ಮೇಕೆ ಮೂಸಿ ಬಿಟ್ಟುಹೋಗುತ್ತವೆ. ಕಾಯಿ ಕಣ್ಣು ಬಿಟ್ಟು ಸಂದಿ ಬೆಳ್ಳಗಾದಾಗ ಕಿತ್ತು, ಹುಲ್ಲಿನಲ್ಲಿ ಮುಚ್ಚಿಟ್ಟರೆ ಹಣ್ಣಾಗುತ್ತದೆ. ಗೋಡಂಬಿ ಕರಾವಳಿಯವರಿಗೇ ಇರಲಿ. ಜಾಗವಿದ್ದವರು ಒಂದು ನೇರಳೆ, ಒಂದು ಹುಣಸೆಯನ್ನೂ ಹಾಕಿ. ಮುಂಗಾರಿಗೆ ಮೊದಲೇ ಗುಂಡಿ ತೆಗೆದಿಡಿ.