ಮರಳಿ ಬಾರದ ವಿಮಾನಗಳು ಕಲಿಸಿದ ಪಾಠ



ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು ಎಂಬುದನ್ನು ಪಾಠದಲ್ಲಿ ಓದಿರುತ್ತೀರಿ. ಈ ಕಥೆಯ ಮುಂದಿನ ಭಾಗವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಅಂದಿನ ಬೆಂಗಳೂರು ನೆಚ್ಚಿಕೊಂಡಿದ್ದುದು ಮುಖ್ಯವಾಗಿ ಕಾವೇರಿಯ ವಿದ್ಯುತ್ತನ್ನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ಇಲ್ಲಿ ರಿಪೇರಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳನ್ನು ಇದೇ ಕಾರ್ಖಾನೆಯಲ್ಲಿ ಬಿಚ್ಚಿ, ತೊಳೆದು, ಆಸನ ಹಾಕಿ ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಲಾಯಿತು. ಸ್ವತಂತ್ರ ಭಾರತದ ವಿಮಾನಯಾನ ಬೆಳೆದದ್ದು ಬಹುಮಟ್ಟಿಗೆ ಈ ಡಕೋಟಾಗಳ ರೆಕ್ಕೆಯ ಮೇಲೆ.

ಡಕೋಟಾ ಎಂದರೆ ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ಮಾದರಿಯ ಸೈನಿಕ ರೂಪ. ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಎರಡು ಎಂಜಿನ್, ಸುಮಾರು ಇಪ್ಪತ್ತೆಂಟು ಆಸನ, ಗಂಟೆಗೆ ಮುನ್ನೂರು ಕಿಲೋಮೀಟರ್ ಆಸುಪಾಸಿನ ವೇಗ. ಯುದ್ಧಕ್ಕಾಗಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದ್ದರಿಂದ ಯುದ್ಧಾನಂತರ ಅಗ್ಗವಾಗಿ ಸಿಕ್ಕವು. ಈ ಕಥೆ ಭಾರತದ್ದು ಮಾತ್ರವಲ್ಲ. ಯುದ್ಧದಲ್ಲಿ ನೆಲಸಮವಾಗಿದ್ದ ಪೋಲೆಂಡಿನಲ್ಲಿ ಲೊಟ್ ವಿಮಾನ ಸಂಸ್ಥೆ ಮತ್ತೆ ತಲೆಯೆತ್ತಿದ್ದು ಲಿ-2 ವಿಮಾನಗಳಿಂದ. ಲಿ-2 ಎಂದರೆ ಸೋವಿಯತ್ ಒಕ್ಕೂಟ ಪರವಾನಗಿ ಪಡೆದು ತಯಾರಿಸಿದ ಡಿಸಿ-3, ಅಂದರೆ ನಮ್ಮ ಡಕೋಟಾದ ಒಡಹುಟ್ಟು. 1951ರ ನವೆಂಬರ್ 15ರಂದು ಅಂಥ ಒಂದು ಲಿ-2, ಲೋಡ್ಜ್ ನಗರದ ಬಳಿಯ ತುಶಿನ್ ಎಂಬಲ್ಲಿ ಬಿದ್ದು ಒಳಗಿದ್ದವರೆಲ್ಲ ಸತ್ತರು. ಅದಕ್ಕೆ ಹನ್ನೊಂದು ತಿಂಗಳ ಹಿಂದೆ ನಮ್ಮ ನೆರೆಯಲ್ಲೇ, ನೀಲಗಿರಿಯಲ್ಲಿ, ಒಂದು ಡಕೋಟಾ ಬಿದ್ದಿತ್ತು. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಆ ಡಕೋಟಾದ ವಿಷಯ.

ಮೊದಲು ಆ ಕಾಲದ ಹಾರಾಟ ಹೇಗಿತ್ತೆಂದು ತಿಳಿಯೋಣ. ಡಕೋಟಾದ ಒಳಗೆ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಇರಲಿಲ್ಲ. ಹೀಗಾಗಿ ಇಂದಿನ ಜೆಟ್ ವಿಮಾನಗಳಂತೆ ಮೋಡಗಳ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವಂತಿರಲಿಲ್ಲ. ಮೋಡಗಳ ನಡುವೆಯೇ, ಬೆಟ್ಟಗಳಿಗೆ ಹತ್ತಿರವಾಗಿಯೇ ಸಾಗಬೇಕಿತ್ತು. ದಾರಿ ತಿಳಿಯಲು ನಕ್ಷೆ, ದಿಕ್ಸೂಚಿ, ಗಡಿಯಾರ, ಜೊತೆಗೆ ನೆಲದ ಕೆಲವೇ ರೇಡಿಯೋ ಕೇಂದ್ರಗಳ ಸಂಕೇತ. ಕೆಳಗೆ ನೆಲ ಕಾಣದಾಗ ಪೈಲಟ್ ಲೆಕ್ಕ ಹಾಕುತ್ತಿದ್ದ: ಇಷ್ಟು ವೇಗ, ಇಷ್ಟು ಹೊತ್ತು, ಈ ದಿಕ್ಕು, ಆದ್ದರಿಂದ ನಾನೀಗ ಇಲ್ಲಿದ್ದೇನೆ.

ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ವಿಮಾನ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ನೇರ ದಕ್ಷಿಣಕ್ಕೆ ಮೂತಿ ಮಾಡಿ ಹಾರುತ್ತಿದೆ. ಪೂರ್ವದಿಂದ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ, ಅದು ಪೈಲಟ್‌ಗೆ ಗೊತ್ತಿಲ್ಲ. ಒಂದು ಗಂಟೆಯ ನಂತರ ಅವನು ತಾನಿದ್ದೇನೆಂದು ಭಾವಿಸಿದ ಜಾಗಕ್ಕಿಂತ 30 ಕಿಲೋಮೀಟರ್ ಪಶ್ಚಿಮದಲ್ಲಿರುತ್ತಾನೆ. ಸಮುದ್ರಮಟ್ಟದಿಂದ ಏಳುನೂರು ಮೀಟರ್ ಆಸುಪಾಸಿನಲ್ಲಿರುವ ಮಂಡ್ಯ, ಮದ್ದೂರಿನ ಬಯಲಿನಲ್ಲಾದರೆ ಈ ತಪ್ಪಿನಿಂದ ಹೆಚ್ಚು ಅಪಾಯವಿಲ್ಲ. ಆದರೆ ದಕ್ಷಿಣಕ್ಕೆ ಚಾಮರಾಜನಗರ ದಾಟಿದರೆ ನೀಲಗಿರಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅದರ ದೊಡ್ಡಬೆಟ್ಟ 2,637 ಮೀಟರ್. ಅಲ್ಲಿ ಮೂವತ್ತು ಕಿಲೋಮೀಟರ್ ತಪ್ಪೆಂದರೆ ಆಕಾಶವಿರಬೇಕಾದ ಜಾಗದಲ್ಲಿ ಬಂಡೆ ಎದುರಾದೀತು.

1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಒಂದು ಡಕೋಟಾ, ನೀಲಗಿರಿಯ ಕೋತಗಿರಿ ಬಳಿಯ ಬೆಟ್ಟಕ್ಕೆ ಅಪ್ಪಳಿಸಿತು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಸೀಮೆ ಅದು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ದಿಕ್ಕಿನ ಲೆಕ್ಕ ತಪ್ಪಿದ್ದೇ ಕಾರಣವೆಂದು ದಾಖಲಾಗಿದೆ.

ಸತ್ತ ಪ್ರಯಾಣಿಕರಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ ಮತ್ತು ಅವರ ಪತ್ನಿ ಇದ್ದರು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದ ವಾಲ್ಡ್ ಅವರಿಗೆ ಆಗ 48 ವರ್ಷ. ಸಂಖ್ಯಾಶಾಸ್ತ್ರ ಓದುವವರು ವಾಲ್ಡ್ ಪರೀಕ್ಷೆಯ ಹೆಸರು ಕೇಳಿರುತ್ತೀರಿ. ಅದರ ಪಕ್ಕದಲ್ಲೇ ಪುಸ್ತಕಗಳಲ್ಲಿ ಬರುವ ಇನ್ನೊಂದು ಪರೀಕ್ಷೆ, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರದು. ಇಂದಿನ ರೊಮೇನಿಯಾದಲ್ಲಿರುವ ಕ್ಲೂಜ್ ಪಟ್ಟಣದ ಯಹೂದಿ ಮನೆತನದಲ್ಲಿ 1902ರಲ್ಲಿ ಹುಟ್ಟಿದ ವಾಲ್ಡ್, ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಅಮೆರಿಕಕ್ಕೆ ಹೋದರು. ಹಿಂದೆ ಉಳಿದ ಅವರ ಕುಟುಂಬದ ಬಹುಪಾಲು ಜನ ನಾಜಿಗಳ ಕೈಯಲ್ಲಿ ಸತ್ತರು. ಆ ಅನಾಹುತದಿಂದ ಪಾರಾದ ಮನುಷ್ಯ ನೀಲಗಿರಿಯಲ್ಲಿ ತೀರಿಕೊಂಡರು. ಮೂರು ವರ್ಷಕ್ಕೆ ತಂದೆತಾಯಿಯರನ್ನು ಕಳೆದುಕೊಂಡ ಅವರ ಮಗ ರಾಬರ್ಟ್ ವಾಲ್ಡ್ ಮುಂದೆ ಹೆಸರಾಂತ ಭೌತವಿಜ್ಞಾನಿಯಾದರು. ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಅವರು ಬರೆದ ಪುಸ್ತಕವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ವಾಲ್ಡ್ ಅವರಿಗೂ ವಿಮಾನಗಳಿಗೂ ಅದಕ್ಕೆ ಮೊದಲೇ ನಂಟು ಇತ್ತು. ಯುದ್ಧಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿ ಅವರ ಮುಂದೆ ಒಂದು ಪ್ರಶ್ನೆ ಬಂತು. ಬಾಂಬರ್ ವಿಮಾನಗಳು ಮೈತುಂಬ ಗುಂಡಿನ ತೂತುಗಳೊಂದಿಗೆ ಹಿಂತಿರುಗುತ್ತವೆ. ಎಲ್ಲ ಕಡೆಗೂ ರಕ್ಷಣೆಯ ಉಕ್ಕಿನ ತಗಡು ಹೊದಿಸಿದರೆ ವಿಮಾನ ಏಳಲಾರದು. ಹಾಗಾದರೆ ಎಲ್ಲಿ ಹೊದಿಸಬೇಕು?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ನೂರು ವಿಮಾನ ಹೋದವು, ಎಂಬತ್ತು ಬಂದವು. ಬಂದವುಗಳ ರೆಕ್ಕೆಯಲ್ಲಿ ಬಹಳ ತೂತು, ಎಂಜಿನ್ ಬಳಿ ಬಹಳ ಕಡಿಮೆ. ಥಟ್ಟನೆ ತೋಚುವ ಉತ್ತರ: ತೂತು ಹೆಚ್ಚಿರುವ ರೆಕ್ಕೆಗೆ ತಗಡು ಹೊದಿಸಿ. ಆದರೆ ಶತ್ರುವಿನ ಗುಂಡು ರೆಕ್ಕೆ, ಎಂಜಿನ್ ಎಂದು ಆರಿಸಿಕೊಂಡು ಬಡಿಯುವುದಿಲ್ಲ. ಹಾಗಿದ್ದ ಮೇಲೆ ಎಂಜಿನ್‌ಗೆ ಬಿದ್ದ ಗುಂಡುಗಳೆಲ್ಲ ಎಲ್ಲಿ? ಅವು ಮರಳಿ ಬಾರದ ಇಪ್ಪತ್ತು ವಿಮಾನಗಳ ಜೊತೆಗೆ ಹೋದವು. ರೆಕ್ಕೆ ತೂತಾದ ವಿಮಾನ ಮನೆಗೆ ಬರುತ್ತದೆ, ಎಂಜಿನ್ ಕೆಟ್ಟ ವಿಮಾನ ಬರುವುದಿಲ್ಲ. ಆದ್ದರಿಂದ ತಗಡು ಬೇಕಾದುದು ತೂತು ಕಾಣದ ಕಡೆಗೆ. ಇಂದು ಈ ಕಥೆಯನ್ನು ಸರಳಗೊಳಿಸಿ ಹೇಳುತ್ತಾರೆ. ವಾಲ್ಡ್ ಬರೆದುಕೊಟ್ಟದ್ದು ಗಣಿತದ ಟಿಪ್ಪಣಿಗಳನ್ನು. ಬಂದ ವಿಮಾನಗಳ ಗಾಯದಿಂದ ಬಾರದ ವಿಮಾನಗಳ ಗತಿಯನ್ನು ಅಂದಾಜು ಮಾಡುವ ವಿಧಾನ ಅದು.

ಬಾರದ ವಿಮಾನಗಳ ಬಗ್ಗೆ ಯೋಚಿಸಿದ ಮನುಷ್ಯ ಬಾರದ ವಿಮಾನದಲ್ಲೇ ಹೋದರು. ಇದನ್ನು ವಿಧಿ ಎಂದು ಬಿಟ್ಟುಬಿಡಬಹುದು. ನಾನು ವಿಜ್ಞಾನ ಓದಿದವನು, ಹಾಗೆ ಬಿಡಲಾರೆ. ಅಂದಿನ ಡಕೋಟಾಗಳಲ್ಲಿ ಹಾರಾಟದ ವಿವರ ದಾಖಲಿಸುವ ಯಂತ್ರವಿರಲಿಲ್ಲ. ಪೈಲಟ್ ಕೊನೆಯ ಗಳಿಗೆಯಲ್ಲಿ ಏನು ಕಂಡ, ಏನು ಹೇಳಿದ ಎಂಬುದು ಅವನ ಜೊತೆಗೇ ಹೋಗುತ್ತಿತ್ತು. 1953 ಮತ್ತು 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಒಂದರ ಹಿಂದೊಂದು ಬಿದ್ದವು. ಅವುಗಳಲ್ಲಿ ಒಂದು ಬಿದ್ದದ್ದು ನಮ್ಮ ಕಲ್ಕತ್ತದ ಬಳಿ. ಅವುಗಳ ತನಿಖೆಯಲ್ಲಿ ತೊಡಗಿದ್ದ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್, ಪೈಲಟ್‌ಗಳ ಮಾತನ್ನೂ ಉಪಕರಣಗಳ ಅಂಕಿಗಳನ್ನೂ ದಾಖಲಿಸಿ ಬೆಂಕಿಯಲ್ಲೂ ಉಳಿಯುವ ಪೆಟ್ಟಿಗೆಯ ವಿಚಾರ ಮುಂದಿಟ್ಟರು. ಅವರ ತಂದೆಯೂ 1934ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಇಂದು ನಾವು ಕಪ್ಪು ಪೆಟ್ಟಿಗೆ ಎನ್ನುವುದು ಬೆಳೆದು ಬಂದದ್ದು ಹೀಗೆ.

ಅದರ ಬೆಲೆ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಬಿದ್ದು, 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ತೀರ ಕಡಿಮೆ ಶಕ್ತಿಯಲ್ಲಿದ್ದವೆಂದು ತಿಳಿದದ್ದು ಪೆಟ್ಟಿಗೆಯಿಂದ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತು ಎಂಟು ಜನ ಬದುಕಿದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದು ತಿಳಿದದ್ದೂ ಪೆಟ್ಟಿಗೆಯಿಂದಲೇ. ಬಾರದವರ ಮಾತನ್ನು ಕೇಳಿಸಿಕೊಳ್ಳಲು ನಾವು ಒಂದು ದಾರಿ ಕಂಡುಕೊಂಡೆವು.

ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಕೊಳವೆಬಾವಿ ಬೇಸಾಯದ ಬಗ್ಗೆ ಒಂದು ಕಾರ್ಯಕ್ರಮ ಮಾಡಿದೆ. ನೀರು ಬಿದ್ದ ರೈತರ ಹಸಿರು ತೋಟಗಳನ್ನು ಚಿತ್ರೀಕರಿಸಿದೆ. ಅವರ ಮಾತು ಸೊಗಸಾಗಿತ್ತು, ಚಿತ್ರವೂ ಚೆನ್ನಾಗಿ ಬಂತು. ಪ್ರಸಾರವಾದ ವಾರದಲ್ಲೇ ಮದ್ದೂರು ಕಡೆಯ ಹಳ್ಳಿಯೊಂದರಿಂದ ರೈತರೊಬ್ಬರ ಕಾಗದ ಬಂತು. ಮೂರು ಸಲ ಕೊರೆಸಿ ಮೂರೂ ಸಲ ಬರೀ ಧೂಳು ಕಂಡೆ, ಸಾಲ ಇನ್ನೂ ತೀರಿಲ್ಲ, ಸ್ವಾಮಿ, ನಮ್ಮಂಥವರ ಹೊಲಕ್ಕೆ ನಿಮ್ಮ ಕ್ಯಾಮೆರಾ ಯಾಕೆ ಬರಲಿಲ್ಲ ಎಂದು ಕೇಳಿದ್ದರು. ಓದಿ ತುಂಬ ಹೊತ್ತು ಸುಮ್ಮನೆ ಕುಳಿತೆ. ನಾನು ಮಾಡಿದ್ದು ಮರಳಿ ಬಂದ ವಿಮಾನಗಳ ಎಣಿಕೆಯನ್ನೇ. ಆ ಕಾರ್ಯಕ್ರಮವನ್ನು ನೋಡಿ ಯಾರಾದರೂ ಸಾಲ ಮಾಡಿ ಕೊರೆಸಿದ್ದರೆ? ಮುಂದಿನ ಭಾಗವನ್ನು ಒಣಗಿದ ಬಾವಿಗಳ ಬಳಿಯೇ ಚಿತ್ರೀಕರಿಸಿದೆವು, ಕಾಗದ ಬರೆದವರ ಹೊಲದಿಂದಲೇ ಆರಂಭಿಸಿದೆವು.

ನಿಮಗೂ ಇಂಥ ಎಣಿಕೆಗಳು ದಿನವೂ ಎದುರಾಗುತ್ತವೆ. ರ್‍ಯಾಂಕ್ ಬಂದವರ ಫೋಟೋ ಹಾಕಿದ ಟ್ಯುಟೋರಿಯಲ್ ಜಾಹೀರಾತನ್ನು ನೋಡಿದಾಗ, ಅಲ್ಲಿ ಸೇರಿದವರು ಒಟ್ಟು ಎಷ್ಟು ಎಂದು ಕೇಳಿ. ಓದು ಬಿಟ್ಟು ವ್ಯಾಪಾರಕ್ಕಿಳಿದು ಶ್ರೀಮಂತನಾದವನ ಕಥೆ ಕೇಳಿದಾಗ, ಹಾಗೆಯೇ ಓದು ಬಿಟ್ಟ ಉಳಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ನಿಮ್ಮ ತರಗತಿಯಲ್ಲೇ ಒಂದನೆಯ ಇಯತ್ತೆಯಲ್ಲಿ ಜೊತೆಗಿದ್ದು ಈಗ ಇಲ್ಲದವರನ್ನು ನೆನಪು ಮಾಡಿಕೊಳ್ಳಿ. ಅವರು ಯಾಕೆ ಬರಲಿಲ್ಲ ಎಂದು ವಿಚಾರಿಸಿದರೆ, ನಿಮ್ಮ ಶಾಲೆಯ ಬಗ್ಗೆ ಫಲಿತಾಂಶದ ಪಟ್ಟಿ ಹೇಳದ ಸಂಗತಿ ತಿಳಿಯುತ್ತದೆ.