ಶುಗರ್‌ಫ್ರೀ ಚೂಯಿಂಗ್ ಗಮ್: ಹಲ್ಲು ರಿಪೇರಿ ಮಾಡೋದು ನಿಜಕ್ಕೂ ಯಾರು?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ.

ಒಎಂಆರ್‌ನ ನಮ್ಮ ಆಫೀಸುಗಳಲ್ಲಿ ಒಂದು ಲೆಕ್ಕಾಚಾರ ನಡೆಯುತ್ತೆ. ದಿನಕ್ಕೆ ನಾಲ್ಕು ಸಿಹಿ ಕಾಫಿ, ಮೇಲೊಂದು ಶುಗರ್‌ಫ್ರೀ ಗಮ್, ಅಲ್ಲಿಗೆ ಹಲ್ಲಿನ ಸಾಲ ಚುಕ್ತಾ! ಈ ಲೆಕ್ಕ ಎಷ್ಟು ಸರಿ? ಇದನ್ನ ಕಾಸಿಮೇಡಿನಿಂದ ಶುರು ಮಾಡೋಣ.

ಉತ್ತರ ಚೆನ್ನೈನ ರಾಯಪುರಂ ಪಕ್ಕದ ಈ ಮೀನುಗಾರಿಕೆ ಬಂದರಿಗೆ ಶಾರ್ಕ್ ಕೂಡ ಬರುತ್ತೆ. ತಮಿಳಿನಲ್ಲಿ ಅದು ಸುರಾ. ನಾನು ಹೋದಾಗ ಮೀನು ಮಾರೋ ಅಮ್ಮ ಒಂದರ ಬಾಯಿ ಬಿಡಿಸಿ ತೋರಿಸಿದ್ರು. ಮುಂದೆ ಒಂದು ಸಾಲು ಹಲ್ಲು, ಅದರ ಹಿಂದೆ ಸರದಿಗೆ ಕಾಯ್ತಿರೋ ಸಾಲುಗಳು. ಒಂದು ಬಿದ್ದರೆ ಇನ್ನೊಂದು ಮುಂದೆ ಬರುತ್ತೆ, ಜೀವಮಾನವಿಡೀ. ಸಾಲದ್ದಕ್ಕೆ ಆ ಹಲ್ಲಿನ ಹೊರಪದರ ಫ್ಲೋರೈಡ್ ಸೇರಿದ ಖನಿಜ, ಫ್ಲೋರಾಪಟೈಟ್.

ನಮಗೆ ಸಿಗೋದು ಎರಡೇ ಸೆಟ್. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಆಮೇಲೆ ಮೇಂಟೆನೆನ್ಸ್ ಕೆಲಸವೆಲ್ಲ ಎಂಜಲಿನದ್ದು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತೆ. ಎಂಜಲು ಆ ಆಮ್ಲವನ್ನ ತಣ್ಣಗೆ ಮಾಡಿ, ಅದೇ ಖನಿಜಗಳನ್ನ ವಾಪಸ್ ತುಂಬುತ್ತೆ. ಅಮೆರಿಕದ ರಾಬರ್ಟ್ ಸ್ಟೆಫಾನ್ 1940ರ ದಶಕದಲ್ಲಿ ಅಳೆದು ತೋರಿಸಿದ್ದು ಇದನ್ನೇ: ಸಕ್ಕರೆ ಬಿದ್ದ ಕೆಲವೇ ನಿಮಿಷಕ್ಕೆ ಪಿಎಚ್ ಕುಸಿಯುತ್ತೆ, ಮತ್ತೆ ಮೇಲೇರೋದು ನಿಧಾನ. ಕಾಫಿ ಗುಟುಕರಿಸ್ತಾ ಎರಡು ಗಂಟೆ ಕೂತರೆ ಎಂಜಲಿಗೆ ರಿಪೇರಿಗೆ ಪುರುಸೊತ್ತೇ ಸಿಗಲ್ಲ.

ಇದರಲ್ಲಿ ಗಮ್ ಎಲ್ಲಿಂದ ಬಂತು? ನಮ್ಮ ಸಪೋಟ ಮರದಿಂದ! ತೊಗಟೆ ಕೊಯ್ದರೆ ಬರುವ ಹಾಲಿನ ಹೆಸರು ಚಿಕಲ್. ಮೆಕ್ಸಿಕೋ ಕಡೆಯವರು ಅದನ್ನ ಬಹಳ ಹಿಂದಿನಿಂದ ಅಗೀತಿದ್ರು. ನ್ಯೂಯಾರ್ಕಿನ ಥಾಮಸ್ ಆಡಮ್ಸ್ ಅದರಿಂದ ರಬ್ಬರ್ ಮಾಡೋಕೆ ಹೋಗಿ, ಆಗದೆ, 1871ರಲ್ಲಿ ಗಮ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದೆ ಅದಕ್ಕೆ ಸಕ್ಕರೆ ಸೇರಿತು. ಅಂದರೆ ಬಹುಕಾಲ ಗಮ್ ಹಲ್ಲಿನ ಶತ್ರುಗಳ ಪಟ್ಟಿಯಲ್ಲೇ ಇತ್ತು.

ಪಕ್ಷ ಬದಲಾಗಿದ್ದು ಫಿನ್‌ಲ್ಯಾಂಡಿನಲ್ಲಿ. 1972ರಲ್ಲಿ ತುರ್ಕು ನಗರದಲ್ಲಿ ಆರ್ಯೆ ಶೈನಿನ್, ಕೌಕೊ ಮ್ಯಾಕಿನೆನ್ ತಂಡ 125 ಜನರನ್ನ ಮೂರು ಗುಂಪು ಮಾಡಿತು. ಒಂದಕ್ಕೆ ಸಕ್ಕರೆ, ಒಂದಕ್ಕೆ ಫ್ರಕ್ಟೋಸ್, ಇನ್ನೊಂದಕ್ಕೆ ಬರ್ಚ್ ಮರದಿಂದ ತೆಗೆಯಬಹುದಾದ ಕ್ಸೈಲಿಟಾಲ್. ಎರಡು ವರ್ಷ ಕಳೆದ ಮೇಲೆ ಕ್ಸೈಲಿಟಾಲ್ ಗುಂಪಿನಲ್ಲಿ ಹೊಸ ಹುಳುಕು ಬಹುತೇಕ ಇರಲಿಲ್ಲ. ಬೇರೆ ಪರೀಕ್ಷೆಯಲ್ಲಿ ಒಂದು ವರ್ಷ ಕ್ಸೈಲಿಟಾಲ್ ಗಮ್ ಅಗಿದವರಿಗೂ ಲಾಭ ಕಂಡಿತು. 1975ರಲ್ಲಿ ಅಲ್ಲಿ ಕ್ಸೈಲಿಟಾಲ್ ಗಮ್ ಅಂಗಡಿಗೆ ಬಂತು.

ಆದರೆ ಗೆದ್ದಿದ್ದು ಕ್ಸೈಲಿಟಾಲಾ, ಅಥವಾ ಅಗಿಯುವಾಗ ಹರಿದ ಎಂಜಲಾ? ಆ ಜಗಳ ಇನ್ನೂ ಮುಗಿದಿಲ್ಲ. 2015ರ ಕೊಕ್ರೇನ್ ಪರಿಶೀಲನೆ, ಗಮ್ ಸೇರಿದಂತೆ ಬಹಳಷ್ಟು ಕ್ಸೈಲಿಟಾಲ್ ಪದಾರ್ಥಗಳ ಪರವಾಗಿ ಇರುವ ಪುರಾವೆ ಸಾಲದು ಅಂದಿತು. ಅಗಿದರೆ ಎಂಜಲು ಹಲವು ಪಟ್ಟು ಹೆಚ್ಚುತ್ತೆ ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ. 2007ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಕೆಲವು ಶುಗರ್‌ಫ್ರೀ ಗಮ್‌ಗಳಿಗೆ ತನ್ನ ಮುದ್ರೆ ಕೊಟ್ಟಿತು. ಅದರ ಸಲಹೆ: ಊಟವಾದ ಮೇಲೆ 20 ನಿಮಿಷ ಅಗಿಯಿರಿ.

ಹಾಗಾದರೆ ಶಾರ್ಕ್ ತರಹ ಫ್ಲೋರೈಡನ್ನೇ ತುಂಬಿಸಿಕೊಂಡರೆ? ಅದಕ್ಕೆ ಎಚ್ಚರಿಕೆಯೂ ಚೆನ್ನೈನಲ್ಲೇ ಇದೆ. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಹೆನ್ರಿ ಶಾರ್ಟ್ ಮತ್ತು ಜೊತೆಗಾರರು, ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ನೀರಿನ ಅತಿಯಾದ ಫ್ಲೋರೈಡ್‌ನಿಂದ ಜನರ ಹಲ್ಲು, ಮೂಳೆ ಕೆಡುತ್ತಿರುವುದನ್ನ 1937ರಲ್ಲಿ ಪ್ರಕಟಿಸಿದರು. ನಮ್ಮ ಪಾವಗಡ, ಮುಂಡರಗಿ ಕಡೆಯವರಿಗೆ ಈ ಕಲೆಬಿದ್ದ ಹಲ್ಲು ಹೊಸದಲ್ಲ. ಟೂತ್‌ಪೇಸ್ಟಿನಲ್ಲಿ ಅಳತೆಯಲ್ಲಿ ಬಂದರೆ ಫ್ಲೋರೈಡ್ ಎಂಜಲಿನ ರಿಪೇರಿಗೆ ಬಲ ಕೊಡುತ್ತೆ. ಬೆಳೆಯುವ ಮಕ್ಕಳ ಕುಡಿಯುವ ನೀರಲ್ಲಿ ಅತಿಯಾದರೆ ಎನಾಮಲ್ಲನ್ನೇ ಕೆಡಿಸುತ್ತೆ.

ಕೊನೆಗೆ ರಿಪೇರಿಯ ಮಿತಿ. ಹಲ್ಲಿನ ಮೇಲೆ ಬಿಳಿ ಮಚ್ಚೆ ಕಂಡ ಹಂತದಲ್ಲಿ ಖನಿಜ ಮತ್ತೆ ತುಂಬಬಹುದು. ತೂತು ಬಿದ್ದ ಮೇಲೆ ಯಾವ ಗಮ್ಮೂ ಅದನ್ನ ಮುಚ್ಚಲ್ಲ, ಡೆಂಟಿಸ್ಟೇ ಗತಿ. ಊರಿಂದ ದೂರ ಇದ್ದೀವಿ, ಮುಂದಿನ ಸಲ ಹೋದಾಗ ನಮ್ಮ ಡಾಕ್ಟರಿಗೆ ತೋರಿಸೋಣ ಅಂತ ನಾವು ಮುಂದೂಡೋದು ಜಾಸ್ತಿ. ಗಮ್ ಎಂಜಲನ್ನ ಕೆಲಸಕ್ಕೆ ಕರೆಯುತ್ತೆ ಅಷ್ಟೇ. ಅದಕ್ಕೆ ಪುರುಸೊತ್ತು ಕೊಡಬೇಕಾದವರು ನಾವು: ಕಾಫಿ ಕುಡಿದರೆ ಒಂದೇ ಸಲಕ್ಕೆ ಕುಡಿದು ಮುಗಿಸಿ, ರಾತ್ರಿ ಬ್ರಷ್ ತಪ್ಪಿಸಬೇಡಿ. ಮತ್ತೆ ಸಿಗೋಣ.